ಭಂಡಾರದ ಅಡಿಯ ಕಾಗದ

“ಇದನ್ನ ಯಾರ ಓದಬೇಕವ್ವಾ?”

ತುಳಸವ್ವ ಕೇಳಿದ್ದು ಯಾರನ್ನೂ ಅಲ್ಲ. ಜಗಲಿಯ ಮೇಲೆ ಚಿಂಚಲಿ ಮಾಯಕ್ಕನ ಪಟವಿತ್ತು, ಆಕೆ ಅತ್ತಲೂ ನೋಡಲಿಲ್ಲ. ಬಾಗಿಲಾಚೆ ಕಬ್ಬಿನ ಗರಿಗಳ ಮೇಲೆ ಶ್ರಾವಣದ ಜಿಟಿಜಿಟಿ ಹಿಡಿದಿತ್ತು, ಅದರ ಪಾಡಿಗೆ ಅದು ಬೀಳುತ್ತಿತ್ತು. ಮಾತೂ ಅದರೊಳಗೆ ಸೇರಿಹೋಯಿತು.

ಪಟದ ಅಡಿಯಲ್ಲಿದ್ದ ಕಾಗದ ಅಂಚೆಯವನ ಕೈಯಿಂದ ಬಂದು ಹತ್ತು ತಿಂಗಳು. ಮೇಲೆ ಸರಕಾರದ ಸಿಂಹದ ಮುದ್ರೆ. ಬಂದ ದಿನವೇ ಕಣ್ಣಿಗೊತ್ತಿಕೊಂಡು ಅಲ್ಲಿಟ್ಟಿದ್ದಳು. ದಿನಾ ಮುಂಜಾನೆ ದೇವಿಗೆ ಏರಿಸುವ ಭಂಡಾರದಲ್ಲಿ ಒಂದು ಚಿಟಿಕೆ ಅದಕ್ಕೂ. ಅರಿಷಿಣ ಬಿದ್ದು ಬಿದ್ದು ಅಕ್ಷರಗಳು ಹೊಂಬಣ್ಣದ ಕೆಸರಿನಲ್ಲಿ ಮಲಗಿದ ಹಾಗೆ ಮಲಗಿದ್ದವು.

ಕಾಗವಾಡದ ಸಂತೆಯ ದಿನ ಮಂಟಪ ಹಾಕಿ ಕೂತಿದ್ದ ಕಾನೂನು ನೆರವಿನವರ ಮುಂದೆ ಆಕೆ ಹೇಳಿಕೊಂಡಿದ್ದು ಇಷ್ಟೇ: ಅಪ್ಪನ ನಾಲ್ಕು ಎಕರೆಯಲ್ಲಿ ನನಗೂ ಪಾಲು ಬೇಕು, ಅದರ ಅಂಚಿನಲ್ಲಿರುವ ಈ ಒಂದು ಕೋಣೆಯಿಂದ ನನ್ನನ್ನು ಯಾರೂ ಏಳಿಸಬಾರದು. ಗಂಡ ತೀರಿದ ಮೇಲೆ ಹದಿನಾರು ವರ್ಷ ಆಕೆ ಬಾಳಿದ್ದು ಇಲ್ಲಿ, ಅವ್ವನ ಬೀಸುವ ಕಲ್ಲಿನ ಜೊತೆ. ಆಕೆಯ ಮಾತು ಕೇಳಿ ಗುಮಾಸ್ತ ಖುಷಿಪಟ್ಟಿದ್ದ. “ಎಷ್ಟ ಚಂದ ಕನ್ನಡಬೇ ನಿಂದು!” ಅಂದವನೇ ಅರ್ಜಿಯಲ್ಲಿ ಭಾಷೆ ‘ಕನ್ನಡ’ ಎಂದು ಗೀಚಿದ್ದ. ಊರಲ್ಲಿ ಆಗ ಇದ್ದದ್ದು ಮರಾಠಿ ಸಾಲೆ, ತುಳಸವ್ವ ಕಲಿತದ್ದು ಅಲ್ಲಿ, ನಾಲ್ಕನೇ ಇಯತ್ತೆಯವರೆಗೆ. ಕನ್ನಡ ಆಕೆಯ ಬಾಯಲ್ಲಿತ್ತು, ಕಣ್ಣಲ್ಲಿರಲಿಲ್ಲ. ಅದನ್ನು ಆತ ಕೇಳಲಿಲ್ಲ, ಆಕೆ ಹೇಳಲಿಲ್ಲ.

ಕಾಗದವನ್ನು ಯಾರ ಕೈಗೆ ಕೊಟ್ಟರೂ ಸುದ್ದಿ ಆ ಹೊಲ ಉಳುತ್ತಿದ್ದ ತಮ್ಮನ ಮನೆಗೆ ಮುಟ್ಟುತ್ತಿತ್ತು. ಕೊಡಲಿಲ್ಲ. ಮಧ್ಯಾಹ್ನ ಕಣ್ಣು ಹತ್ತಿದಾಗ ಅಕ್ಷರಗಳು ಮೆಲ್ಲಗೆ ಎದ್ದು, ಗುಬ್ಬಿಗಳ ಹಾಗೆ ಹಾರಿ, ಕಬ್ಬಿನ ತುದಿಗೆ ಕೂತು ತೂಗುತ್ತಿದ್ದವು. ಆಕೆ ಕೆಳಗೆ ಸೆರಗೊಡ್ಡಿ ನಿಲ್ಲುತ್ತಿದ್ದಳು. ಒಂದೂ ಇಳಿಯುತ್ತಿರಲಿಲ್ಲ.

“ಯಾರದೀರಿ ಒಳಗ?”

ಕೊಡೆ ಮಡಚುತ್ತ ಒಬ್ಬ ಹುಡುಗಿ ಹೊಸ್ತಿಲಲ್ಲಿ ನಿಂತಿದ್ದಳು. ಎದೆಗೆ ಅವಚಿದ ಪ್ಲಾಸ್ಟಿಕ್ ಚೀಲದಲ್ಲಿ ಹಾಳೆಗಳ ಕಟ್ಟು.

“ನಾ ದಾನೇಶ್ವರಿ ಅಂತ್ರಿ, ಅಥಣಿಯಿಂದ ಬಂದೀನಿ. ಪುಕಟ ವಕೀಲರನ್ನ ಕೊಡತಾರಲ್ರಿ, ಆ ನೆರವು ಯಾರಿಗೆ ಮುಟ್ಟೈತಿ ಯಾರಿಗಿಲ್ಲ ಅಂತ ನೋಡಾಕ. ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ ಮುಗಿಸಿ ಈಗ ಇತ್ತಾಗ ಬಂದೀನ್ರಿ.”

“ಅಷ್ಟೂರು ತಿರಗೀದಿ, ಚಪ್ಪಲಿ ಇನ್ನೂ ಗಟ್ಟಿ ಅದಾವಲ್ಲ! ಬಾ, ಕೂಡು.”

ದಾನೇಶ್ವರಿ ನಕ್ಕು, ಚಾಪೆಯ ಮೇಲೆ ಕೂತು ಹಾಳೆ ತೆರೆದಳು. ಹೆಸರು, ವಯಸ್ಸು ಆದವು. “ನಿಮ್ಮ ಭಾಷಾ ಯಾವುದ್ರೀ?”

“ಇದನ್ನ ಎಲ್ಲಾರೂ ಕೇಳತಾರ ನೋಡವ್ವಾ. ಆ ಕಡಿಯವರು ಬಂದ್ರ ಮರಾಠಿ ಅನ್ನು ಅಂತಾರ. ಈ ಕಡಿಯವರು ಬಂದ್ರ ಕನ್ನಡ ಅನ್ನು ಅಂತಾರ. ನೀ ಏನ್ ಅನ್ನು ಅಂತಿ?”

“ನೀವು ಅಂದದ್ದು ಬರೀತೀನ್ರಿ.”

“ಹಂಗಾರ ಬರಿ. ಮಾತಿಗೆ ಕನ್ನಡ, ಓದಾಕ ಮರಾಠಿ.”

ಹುಡುಗಿಯ ಪೆನ್ನು ಒಂದು ಗಳಿಗೆ ನಿಂತಿತು. ಅಚ್ಚಾದ ಹಾಳೆಯಲ್ಲಿ ಒಂದೇ ಖಾನೆ. ಅದರ ಅಂಚಿಗೆ ಸಣ್ಣಗೆ ಎರಡನ್ನೂ ಬರೆದಳು. “ನೆರವು ಮುಟ್ಟೈತೇನ್ರಿ ನಿಮಗ?”

“ಮುಟ್ಟೈತಿ.”

“ವಕೀಲರು ಯಾರ್ರೀ?”

“ಇನ್ನ ಬಂದಿಲ್ಲ. ಬರ್ತಾರ. ಹತ್ತ ತಿಂಗಳಿಂದ ಪೂಜಿ ಮಾಡಾಕತ್ತೀನಿ.” ತುಳಸವ್ವ ಜಗಲಿಯತ್ತ ಕೈ ತೋರಿಸಿದಳು.

ದಾನೇಶ್ವರಿ ಎದ್ದು, ಮೊದಲು ದೇವಿಗೆ ಕೈಮುಗಿದು, ಕಾಗದ ತೆಗೆದಳು. ಕೊಡವಿದಾಗ ಅರಿಷಿಣ ಹೊಗೆಯಂತೆ ಎದ್ದು ಬಾಗಿಲ ಬೆಳಕಿನಲ್ಲಿ ತೇಲಿತು. ತುಳಸವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಪುರಾಣ ಕೇಳಲು ಕೂತವರಂತೆ ಕಾಲು ಮಡಚಿ ಕೂತಳು.

“ಶ್ರೀಮತಿ ತುಳಸವ್ವ ಇವರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ…”

ಹುಡುಗಿಯ ದನಿ ಮಳೆಯ ಲಯಕ್ಕೆ ಹೊಂದಿಕೊಂಡು ಸಾಗಿತು. ಅರ್ಧ ಮಾತು ತಿಳಿಯಲಿಲ್ಲ. ಆದರೂ ಎಳವೆಯಲ್ಲಿ ಅವ್ವ ಕಲ್ಲು ತಿರುವುತ್ತ ಹಾಡುವಾಗ ತಿಳಿಯದ ಪದಗಳೂ ಮೈಗೆ ಹತ್ತುತ್ತಿದ್ದವಲ್ಲ, ಹಾಗೆ ಹತ್ತಿದವು. ಶ್ರೀಮತಿ. ಯಾರೂ ಹಾಗೆ ಕರೆದಿರಲಿಲ್ಲ. ತಮ್ಮ ಅರ್ಜಿಯನ್ನು ಮನ್ನಿಸಲಾಗಿದೆ. ತಮ್ಮ ಪರವಾಗಿ ವಕೀಲರನ್ನು ನೇಮಿಸಲಾಗಿದೆ. ಗುಬ್ಬಿಗಳು ಒಂದೊಂದಾಗಿ ಸೆರಗಿಗೆ ಇಳಿದವು.

“ಇನ್ನೊಮ್ಮೆ ಓದು, ತಂಗಿ.”

ಎರಡನೆಯ ಸಲ ದಾನೇಶ್ವರಿಯ ದನಿ ಕಡೆಯ ಸಾಲಿನಲ್ಲಿ ಕುಗ್ಗಿತು. “ಏನ ಹೇಳ್ಲಿ ಅಜ್ಜಿ… ಇದರಾಗ ಬರ್ರಿ ಅಂದಾರ. ನೀವ ಅವರ ಕಚೇರಿಗೆ ಹೋಗಬೇಕಿತ್ತು, ಸಂಕ್ರಮಣದ ಮರುದಿನ. ಬರದಿದ್ರ ಅರ್ಜಿ ಮುಗಿಸತೀವಿ ಅಂತನೂ ಬರದಾರ.”

“ನಾ ಅವರ ಬರ್ತಾರ ಅಂತ ಕೂತೆ. ಕರದ್ರ ದೇವಿ ಮನಿಗೇ ಬರ್ತಾಳಲ್ಲ?”

ಹುಡುಗಿ ಕಾಗದವನ್ನು ಆಕೆಯ ಮಡಿಲಲ್ಲಿಟ್ಟು ತನ್ನ ಹಾಳೆಗೆ ತಿರುಗಿದಳು. ನೆರವು ಮುಟ್ಟಿತೇ ಎಂಬುದರ ಎದುರು ‘ಹೌದು’, ‘ಇಲ್ಲ’ ಎಂಬ ಎರಡು ಮನೆ. ಎರಡರ ನಡುವೆ ಪೆನ್ನು ಹಿಡಿದು ಕೂತಳು. ಆಮೇಲೆ ಹೇಳಿದಳು, “ಹೊಸ ಅರ್ಜಿ ಈಗ ಬರೀತೀನ್ರಿ. ನಾನ ಕರಕೊಂಡ ಹೋಗತೀನಿ. ಒಂದ ಮಾತು. ಅಣ್ಣತಮ್ಮಂದಿರು ತಂದರೂ ಹಕ್ಕಸೋಡ ಪತ್ರಕ್ಕ ಸಹಿ ಹಾಕಬ್ಯಾಡ್ರಿ. ಪಾಲು ಬಿಟ್ಟೀನಿ ಅಂತ ಬರಕೊಟ್ರ ಯಾವ ವಕೀಲರಿಗೂ ತ್ರಾಸ.”

ಆಗಲೇ ಹೊರಗೆ ಬೈಕು ಗುಡುಗಿತು. ತಮ್ಮ ಬಾಬಾಸಾಹೇಬ. ಆತನ ಮನೆ ಕಬ್ಬಿನಾಚೆ, ಎಣಿಸಿದರೆ ನೂರು ಹೆಜ್ಜೆ. ಆದರೂ ಪ್ರತಿ ಪಂಚಮಿಗೆ, ಗಂಡನ ಮನೆಯಲ್ಲಿರುವ ಅಕ್ಕನನ್ನು ಕರೆಯಲು ಬಂದವನ ಹಾಗೆ, ಟೋಪಿ ಹಾಕಿಕೊಂಡು ಗಾಡಿಯ ಮೇಲೆ ಬರುತ್ತಿದ್ದ.

“ಅಕ್ಕಾ, ತವರಿಗೆ ಕರಿಯಾಕ ಬಂದೀನಿ. ಲಗೂ ಏಳು, ದೂರದ ದಾರಿ!”

“ಎಣ್ಣಿ ಹಾಕ್ಸೀಯಿಲ್ಲೋ ಗಾಡಿಗೆ? ನಡು ದಾರ್ಯಾಗ ನಿಂತೀತು!”

ಇಬ್ಬರೂ ನಕ್ಕರು. ಹದಿನಾರು ವರ್ಷದ ನಗು ಅದು, ಹಳೆಯ ಕೌದಿಯ ಹಾಗೆ ಮೆತ್ತಗೆ. ಆತ ಹಸಿರು ಇಳಕಲ್ ಸೀರೆ ಆಕೆಯ ಮಡಿಲಲ್ಲಿಟ್ಟ. ಚಾಪೆಯ ಮೇಲಿನ ಹುಡುಗಿಯನ್ನು ನೋಡಿ, “ಯಾರ ಈಕಿ?” ಎಂದ.

“ಓದಾಕ ಬಂದಾಳ,” ಅಂದಳು ತುಳಸವ್ವ.

ಸೀರೆಯ ಮಡಿಕೆಯೊಳಗಿಂದ ಆತ ಒಂದು ಕಾಗದ ಎಳೆದ. “ಹೋಗೂಕಿಂತ ಮೊದಲ ಇದೊಂದು ಸಹಿ. ಅಮೋಲ ದ್ರಾಕ್ಷಿ ಹಚ್ಚತಾನಂತ, ಕಂಬ ಬಂದ ಬಿದ್ದಾವ. ಮಗನ ಆಶಾ. ನಿನಗ ಸಂಶೆ ಬ್ಯಾಡಂತ ಮರಾಠಿಯೊಳಗ ಬರಿಸೀನಿ. ನೀನ ಓದಿಕೋ.”

ಈ ಅಕ್ಷರಗಳು ಯಾರ ಹಂಗೂ ಇಲ್ಲದೆ, ಕದ ತಟ್ಟದೆ, ನೆಟ್ಟಗೆ ಕಣ್ಣೊಳಗೆ ನಡೆದು ಬಂದವು. ತುಳಸಾಬಾಯಿ ಎಂಬ ನಾನು ರಾಜೀಖುಷಿಯಿಂದ ನನ್ನ ಹಕ್ಕು ಬಿಟ್ಟಿದ್ದೇನೆ. ಆಕೆ ಎರಡು ಸಲ ಓದಿದಳು. ಒಂದು ಕೈಯಲ್ಲಿ ಆ ಕಾಗದ, ಮಡಿಲಲ್ಲಿ ಹಳದಿ ಕಾಗದ. ಅದು ಬಾ ಅಂದಿತ್ತು. ಇದು ಆಕೆಯ ಬಾಯಿಂದಲೇ ಹೋಗುತ್ತೇನೆ ಅನ್ನಿಸುತ್ತಿತ್ತು.

“ಇದರಾಗಿನ ಖುಷಿ ಯಾರದೋ?”

“ಬರಿಯೂ ಪದ್ಧತಿ ಅಕ್ಕಾ ಅದು.”

“ಈ ಕೋಣಿ?”

ಬಾಬಾಸಾಹೇಬ ಟೋಪಿ ತೆಗೆದು ಮಳೆ ಒರೆಸಿದ. “ತಗೀಬೇಕಾಗತೈತಿ. ಕಂಬದ ಸಾಲು ಇಲ್ಲೇ ಬರತೈತಿ. ನೀ ದೊಡ್ಡ ಮನ್ಯಾಗ ಇರು, ಬ್ಯಾಡನ್ನವರು ಯಾರು?”

“ನಿನ್ನ ಮನ್ಯಾಗ ಇದ್ರ, ಪಂಚಮಿಗೆ ನನ್ನ ಎಲ್ಲಿಂದ ಕರಕೊಂಡ ಹೋಗತಿ?”

ಆತ ಜೇಬಿನಿಂದ ಪೆನ್ನು ತೆಗೆದ. ಕಬ್ಬಿನೊಳಗೆ ಮಳೆ ನಿಂತು, ಗರಿಯಿಂದ ಗರಿಗೆ ಹನಿ ಇಳಿಯುವ ಸಪ್ಪಳವಷ್ಟೇ ಉಳಿಯಿತು. ದಾನೇಶ್ವರಿ ಹಾಳೆಯಿಂದ ಕಣ್ಣೆತ್ತಲಿಲ್ಲ.

“ಅಕ್ಕಾ,” ಅಂದ, ಪೆನ್ನು ಚಾಚಿ. ದನಿಯಲ್ಲಿ ಬೈಗುಳವಿರಲಿಲ್ಲ. ಎಂದೋ ಆಕೆಯ ಸೊಂಟದ ಮೇಲೆ ಕೂತು ಬೆಳೆದವನ ದನಿಯೇ. “ತವರು ಬೇಕಲ್ಲ ನಿನಗ? ಸಹಿ ಮಾಡು.”

ತುಳಸವ್ವ ಹಳದಿ ಕಾಗದವನ್ನು ಹುಡುಗಿಯ ಕೈಗಿತ್ತು, ಸೀರೆಯ ಮೇಲಿನ ಅರಿಷಿಣ ಒರೆಸಿದಳು.

“ನೀ ತಂದ ಸೀರಿ ಉಡತೀನಿ. ನಿನ್ನ ಗಾಡಿ ಹತ್ತತೀನಿ. ಅಂಗಳದಾಗ ಜೋಕಾಲಿನೂ ಆಡತೀನಿ, ಬಾಬಾ. ಸಹಿ ಮಾಡೂದಿಲ್ಲ.”