ಎರ್ಸಿಲಿಯಾ ಸುತ್ತು ಕೂಡಿಸಿದ್ದು

ಬೆಟ್ಟದೂರು ಕೊರ್ವೆಸ್ಕಾದಲ್ಲಿ ಬಂಡೆಗಳ ನಡುವಿನ ಹುಲ್ಲು ಯಾರಪ್ಪನ ಆಸ್ತಿಯೂ ಅಲ್ಲ. ಆಗಸ್ಟ್ ಹುಟ್ಟಿದ ಮೊದಲ ಸೋಮವಾರ, ಇಗರ್ಜಿಯ ಗಂಟೆ ಬಡಿದ ಮೇಲೆ, ಎಲ್ಲರೂ ಸೇತುವೆಯಿಂದಲೇ ಹೊರಡಬೇಕು. ಬೇಕಾದ ಹುಲ್ಲಿನ ಸುತ್ತ ಉದ್ದ ಹಿಡಿಯ ಕುಡುಗೋಲಿನಿಂದ ಒಂದು ಪಟ್ಟೆ ಕೊಯ್ಯುತ್ತ ಹೋಗಿ, ಕೊಯ್ಯಲು ಶುರುಮಾಡಿದ ಜಾಗಕ್ಕೇ ಮೊದಲು ಬಂದು ಕೂಡಿಸಿದವರಿಗೆ ಒಳಗಿನದೆಲ್ಲ ಸೇರುತ್ತದೆ. ಕೂಡದ ಸುತ್ತು ಲೆಕ್ಕಕ್ಕಿಲ್ಲ.

ಎರ್ಸಿಲಿಯಾ ಮುದುಕಿಗೆ ಬೇಕಾಗಿದ್ದುದು ಮೇಲಿನ ಗಾಜೊ ಬಯಲು. ಅದರ ಹುಲ್ಲು ಸಿಕ್ಕರೆ ಅವಳ ಹಸು ಬೀಸಾ ಚಳಿಗಾಲ ದಾಟುತ್ತಿತ್ತು. ಸಿಗದಿದ್ದರೆ ಹಿಮ ಬೀಳುವ ಮೊದಲೇ ಕಸಾಯಿಯವನ ಪಾಲು. ನೆರೆಮನೆಯ ರೆಮಿಜಿಯೋನ ಕಣ್ಣೂ ಗಾಜೊ ಮೇಲೆಯೇ. ಅವನದು ಕುದುರೆ ವಯಸ್ಸು.

"ಏನ್ ಚಿಕ್ಕಮ್ಮ, ಆ ಮೊಣಕಾಲು ಮನೇಲೇ ಬಿಟ್ ಬಂದಿದ್ರೆ ಹಗುರ ಆಗ್ತಿತ್ತಲ್ಲ," ಎಂದು ಸೇತುವೆಯ ಮೇಲೆ ಕೆಣಕಿದ.

"ನೀನು ನಾಲಿಗೆ ಬಿಟ್ ಬಾ ಮಗನೆ. ಅದೇ ಜಾಸ್ತಿ ಭಾರ."

ಗಂಟೆ ಬಡಿಯಿತು. ರೆಮಿಜಿಯೋ ಕಲ್ಲಿಂದ ಕಲ್ಲಿಗೆ ಹಾರುತ್ತ ಓಡಿದ. ಎರ್ಸಿಲಿಯಾ ಸೊಂಟಕ್ಕೆ ಕಟ್ಟಿದ ಕೊಂಬಿನ ಬಾಯಿಗೆ ಒಂದು ಹಿಡಿ ಹುಲ್ಲು ತುರುಕಿ, ತನ್ನ ಪಾಡಿಗೆ ತಾನು ಹತ್ತಿದಳು. ಆ ಕೊಂಬಿನೊಳಗೆ ನೀರು, ನೀರೊಳಗೆ ಮಸೆಗಲ್ಲು.

ಅವಳು ಬಯಲು ಮುಟ್ಟುವ ಹೊತ್ತಿಗೆ ಅವನದು ಅರ್ಧ ಸುತ್ತು ಆಗಿತ್ತು.

"ಕೂತ್ಕೊಂಡು ನೋಡು ಚಿಕ್ಕಮ್ಮ!"

ಅವಳು ಕುಡುಗೋಲು ಬೀಸತೊಡಗಿದಳು. ಕಿವಿ ಮಾತ್ರ ಅವನ ಕಡೆಗೇ. ಅವನ ಅಲಗು ಆಗಲೇ ಸುಯ್ ಎನ್ನುವುದನ್ನು ಬಿಟ್ಟು ಕರಕರ ಎನ್ನುತ್ತಿತ್ತು. ಎತ್ತರದ ಹುಲ್ಲು ತಂತಿಯಂಥದ್ದು, ಮಸೆಯುತ್ತಲೇ ಇರಬೇಕು. ಅವನು ಕಲ್ಲು ತೆಗೆದರೆ ಅದು ಒಣಗಿ ಬೂದಿ ಬಣ್ಣ. ಬಾಯಿ ಮುಚ್ಚದ ಅವನ ಕೊಂಬಿನ ನೀರೆಲ್ಲ ಓಟದಲ್ಲಿ ದಾರಿಯ ಪಾಲಾಗಿತ್ತು. ಉಗುಳಿ ನೋಡಿದ. ಹಾಗೆ ಓಡಿದವನ ಬಾಯಲ್ಲಿ ಉಗುಳಾದರೂ ಎಲ್ಲಿಂದ ಬರಬೇಕು?

"ಚಿಕ್ಕಮ್ಮಾ, ಒಂದ್ ಗುಟುಕು ನೀರು ಹಾಕೇ ಕಲ್ಲಿಗೆ."

"ಹಾಕ್ತೀನಪ್ಪ, ಇಲ್ಲ ಅಂದ್ನಾ? ನನ್ ಸುತ್ತು ಮುಗೀಲಿ."

"ಮುಗಿದ್ಮೇಲೆ ಯಾಕೆ ನಂಗೆ, ಗಡ್ಡ ಬೋಳಿಸ್ಕೊಳ್ಳೋಕಾ?"

"ಬೋಳಿಸ್ಕೋ. ಯಾರಾದ್ರೂ ಹೆಣ್ ಕೊಟ್ಟಾರು."

ರೆಮಿಜಿಯೋ ರೇಗಿ ಬೀಸಿದ. ಹುಲ್ಲು ಬಾಗುತ್ತಿತ್ತು, ಅವನು ಹೆಜ್ಜೆ ಮುಂದಿಟ್ಟ ಕೂಡಲೇ ಮತ್ತೆ ಎದ್ದು ನಿಲ್ಲುತ್ತಿತ್ತು. ಎರ್ಸಿಲಿಯಾ ಬೀಸಿದಳು, ಮಸೆದಳು, ಬೀಸಿದಳು. ಪ್ರಪಾತದ ಅಂಚಿನಲ್ಲಿ ಸೊಂಟ ಕಿತ್ತು ಬರುವ ಹಾಗಾದರೂ ನಿಲ್ಲಲಿಲ್ಲ. ಕೊನೆಯ ಬೀಸಿಗೆ ಪಟ್ಟೆ ಕೂಡಿತು.

ಆಮೇಲೆಯೇ ಅವನ ಬಳಿಗೆ ಹೋಗಿ ಅವನ ಕೊಂಬಿನೊಳಗೆ, ಕಲ್ಲಿನ ಮೇಲೆ ನೀರು ಸುರಿದಳು.

"ಮೇಲ್ಗಡೆ ಕಪ್ಪು ಬಂಡೆ ಹತ್ರ ಇನ್ನೊಂದ್ ತುಂಡಿದೆ, ಯಾರೂ ಹತ್ತಿಲ್ಲ. ಹೋಗು. ಓಡ್ಬೇಡ ಕತ್ತೆ."

ಅವನು ಗೊಣಗುತ್ತ, ತನ್ನ ಕೊಂಬನ್ನು ಕೂಸಿನಂತೆ ಎದೆಗೊತ್ತಿಕೊಂಡು ಹತ್ತತೊಡಗಿದ.

ಎರ್ಸಿಲಿಯಾ ಅಂಚಿಗೆ ಬಂದು, ಕೆಳಗೆ ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದ ತಂಗಿಗೆ ಕೂಗಿದಳು: "ಬೀಸಾನ ಕೊಡಲ್ಲ ಅಂತ ಆ ಕಸಾಯಿಯವನಿಗೆ ಹೇಳೇ!"

"ನೀನೇ ಬಂದ್ ಹೇಳು! ನಂಗೆ ಅವನ್ ಮುಖ ಕಂಡ್ರಾಗಲ್ಲ!"

"ಈಗ ಬರೋಕಾಗಲ್ಲ ಕಣೇ, ಕೆಲಸ ಇದೆ!" ಎಂದು ಕೂಗಿ, ತಲೆವಸ್ತ್ರ ಬಿಗಿದುಕೊಂಡು ತನ್ನ ಹುಲ್ಲಿನೊಳಗೆ ಇಳಿದಳು.