ಇಲ್ಲದ ಮಹಡಿ

ಮಂಗಳೂರಿನಲ್ಲಿ ಮನೆ ಎಂದರೆ ಏನೆಂದು ಸರಿಯಾಗಿ ತಿಳಿದವರು ಮೂರೇ ಜನ. ಅವರಲ್ಲಿ ಇಬ್ಬರು ತೀರಿಕೊಂಡರು. ಉಳಿದವನು ನಾನು, ಬಂದರ್‌ನಲ್ಲಿ ಹಗ್ಗ ಮತ್ತು ಟಾರ್ಪಾಲಿನ ಅಂಗಡಿ ಇಟ್ಟಿರುವ ಚೆನ್ನಪ್ಪ. ಜೂನ್ ಬಂತೆಂದರೆ ಈ ಊರಿನ ಅರ್ಧ ಹಂಚಿನ ಮಾಡುಗಳು ನನ್ನ ನೀಲಿ ಟಾರ್ಪಾಲಿನ ಅಡಿಯಲ್ಲೇ ಉಸಿರಾಡುತ್ತವೆ. ಇಷ್ಟು ಅನುಭವ ಇರುವವನಿಗೆ ಆರ್ಕಿಟೆಕ್ಟ್ ಡಿಗ್ರಿ ಯಾಕೆ? ಡಿಗ್ರಿ ಇರುವುದು ನನ್ನ ಮಗಳು ಪ್ರಣೀತಾಳಿಗೆ.

ಶಕ್ತಿನಗರದ ಗುಡ್ಡದ ಇಳಿಜಾರಿನಲ್ಲಿ ಹೋಟೆಲಿನ ಶೀನಪ್ಪಣ್ಣನವರಿಗೆ ಅವಳು ಕಟ್ಟಿಸಿಕೊಟ್ಟದ್ದು ಅವಳ ಮೊದಲ ಮನೆ. ನಕ್ಷೆಯನ್ನು ನನಗೂ ತೋರಿಸಿದ್ದಳು. ನಾನು ಅದನ್ನು ತಲೆಕೆಳಗಾಗಿ ಹಿಡಿದಿದ್ದೆನೆಂದು ನನ್ನ ಹೆಂಡತಿ ಈಗಲೂ ಹೇಳುತ್ತಾಳೆ. ಹೇಗೆ ಹಿಡಿದರೂ ನನಗೆ ಓದಲು ಬರುತ್ತದೆ ಎಂಬುದು ಅವಳಿಗೆ ಗೊತ್ತಿಲ್ಲ. ನೋಡಿದವನೇ ತೀರ್ಪು ಕೊಟ್ಟೆ: "ಮೊದಲ ಮಳೆಗೆ ಈ ಮನೆ ಜಾರಿಕೊಂಡು ಬಂದು ನನ್ನ ಅಂಗಡಿಯ ಬಾಗಿಲಲ್ಲಿ ನಿಲ್ಲುತ್ತದೆ." ಮನೆಯಲ್ಲಿ ಹೇಳಿ ಸುಮ್ಮನಿರಬಹುದಿತ್ತು. ಆದರೆ ಜನರಿಗೆ ಉಪಯೋಗವಾಗಲಿ ಎಂದು ಬಂದರ್‌ನಲ್ಲಿ ದೋಣಿ ನಿಲ್ಲುವ ದಕ್ಕೆಯಲ್ಲಿ, ಮೀನು ಮಾರ್ಕೆಟಿನಲ್ಲಿ, ಕ್ಷೌರದ ಅಂಗಡಿಯಲ್ಲಿ ಎಲ್ಲ ಕಡೆಯೂ ಹೇಳಿದೆ.

ಎರಡು ಮಳೆಗಾಲ ಕಳೆಯಿತು. ಮನೆ ಒಂದು ಇಂಚೂ ಜಾರಲಿಲ್ಲ. ಅಂಥ ಹಟಮಾರಿ ಮನೆಯನ್ನು ನಾನು ಜನ್ಮದಲ್ಲಿ ಕಂಡಿಲ್ಲ. ಗೃಹಪ್ರವೇಶದ ದಿನ ಭಯಂಕರ ಬೆನ್ನುನೋವೆಂದು ನಾನು ಹೋಗಿರಲಿಲ್ಲ. ಅದೇ ಬೆನ್ನಿನ ಮೇಲೆ ಆ ಸಂಜೆ ಎರಡು ಸುತ್ತು ಹಗ್ಗ ಹೊತ್ತದ್ದನ್ನು ನೋಡಿದವರು ಯಾರೂ ಬಾಯಿ ಬಿಡಲಿಲ್ಲ, ನನ್ನ ಹೆಂಡತಿಯ ಹೊರತು.

ಅಷ್ಟರಲ್ಲಿ ಊರೆಲ್ಲ ಆ ಮನೆಯನ್ನು ಹೊಗಳಲು ಸುರು ಮಾಡಿತು. ನಾನು ಕೂಡ ಹೇಳಿಕೆಯನ್ನು ಸ್ವಲ್ಪ ತಿದ್ದಿಕೊಂಡೆ: "ಪ್ಲಾನ್ ನಂದೇ. ಹುಡುಗಿ ಗೆರೆ ಎಳೆದದ್ದು ಮಾತ್ರ."

ನಿಜ ಹೇಳುತ್ತೇನೆ. ಬಂದರ್‌ನಿಂದ ಮಣ್ಣಗುಡ್ಡದ ನನ್ನ ಮನೆಗೆ ಹೋಗುವ ದಾರಿಯಲ್ಲಿ ಶಕ್ತಿನಗರ ಸಿಗುವುದಿಲ್ಲ. ಆದರೂ ನನ್ನ ಸ್ಕೂಟರಿಗೆ ದಿನಾ ಸಂಜೆ ಸಿಗುತ್ತಿತ್ತು. ಕೆಳಗಿನ ರಸ್ತೆಯಲ್ಲಿ ನಿಲ್ಲಿಸಿ ತಲೆ ಎತ್ತಿ ನೋಡುತ್ತಿದ್ದೆ. ಗಾರೆ ಬಳಿಯದ ಕೆಂಪು ಕಲ್ಲಿನ ಉದ್ದುದ್ದ ಗೋಡೆಗಳು ಗುಡ್ಡದ ಪದರಗಳೇ ಎದ್ದು ನಿಂತಂತೆ. ಅವುಗಳ ನಡುವೆ ಗಾಜು. ಕಂಬವಿಲ್ಲದೆ ಗಾಳಿಯಲ್ಲಿ ಚಾಚಿಕೊಂಡ ಜಗಲಿ. ಸೂರ್ಯ ಸಮುದ್ರದ ಕಡೆ ಇಳಿಯುವಾಗ ಆ ಗಾಜುಗಳಲ್ಲಿ ಎಷ್ಟು ಬೆಂಕಿ ಹತ್ತುತ್ತಿತ್ತೆಂದರೆ, ಒಮ್ಮೆ ನಾನು ಅಗ್ನಿಶಾಮಕ ದಳದವರಿಗೆ ಫೋನ್ ಮಾಡುವುದರಲ್ಲಿದ್ದೆ. ಕೆಳಗಿನಿಂದ ಮೇಲಕ್ಕೆ ಮೂರು ಮಹಡಿ. ನೂರು ಸಲ ಎಣಿಸಿದ್ದೇನೆ, ಅದರಲ್ಲಿ ತಪ್ಪಿಲ್ಲ.

ಹೀಗಿರುವಾಗ, ಚಂದದ ಮನೆಗಳನ್ನು ಯೂಟ್ಯೂಬಿನಲ್ಲಿ ಲೈವ್ ತೋರಿಸುವ ಎಲ್ರೊಯ್ ಎಂಬ ಹುಡುಗ ಈ ಮನೆಗೂ ಬರುತ್ತೇನೆಂದ. ಪ್ರಣೀತಾಳಿಗೆ ಅದು ಬರೀ ವಿಡಿಯೋ ಆಗಿರಲಿಲ್ಲ. ಬೇರೊಂದು ಗುಡ್ಡದ ಮೇಲೆ ರೆಸಾರ್ಟ್ ಕಟ್ಟಿಸಲು ಹೊರಟಿದ್ದ ಮನ್ವಿತಾ ಎಂಬವರು ಅವಳಿಗೆ, "ಆ ಮನೆಯನ್ನು ಯೋಚಿಸಿದವರು ಯಾರೆಂದು ಲೈವಿನಲ್ಲಿ ನೋಡ್ತೇನೆ. ಆಮೇಲೆ ಮಾತಾಡುವ" ಎಂದಿದ್ದರು. ಎಲ್ಲೂ ಹೆಸರಿಲ್ಲದ ಹುಡುಗಿಗೆ ಅಷ್ಟು ದೊಡ್ಡ ಅವಕಾಶ ಎರಡನೇ ಸಲ ಯಾರು ಕೊಡುತ್ತಾರೆ?

ಲೈವಿನ ಮುಂಚಿನ ದಿನ ಇನ್ನೊಂದು ಸೈಟಿನಲ್ಲಿ ಸ್ಲ್ಯಾಬ್ ಹಾಕುವಾಗ ಕಾಂಕ್ರೀಟ್ ಮಿಕ್ಸರಿನ ಎದುರು ಕಿರುಚಿ ಕಿರುಚಿ ಅವಳ ಗಂಟಲು ಪೂರ್ತಿ ಕಟ್ಟಿತು. ಬೆಳಿಗ್ಗೆ ಒಂದು ಅಕ್ಷರ ಹೊರಡಲಿಲ್ಲ. ಶೀನಪ್ಪಣ್ಣ ಹೋಟೆಲಿನಲ್ಲಿ, ಅವರ ಹೆಂಡತಿ ಗುಲಾಬಿಯಕ್ಕನಿಗೆ ಕ್ಯಾಮರಾ ಕಂಡರೆ ಬೆವರು. ಪ್ರಣೀತಾಳಿಗೆ ಉಳಿದದ್ದು ನಾನು. ಮಗಳು ನನ್ನನ್ನು ತುಂಬ ಹೊತ್ತು ನೋಡಿ, ಮೊಬೈಲಿನಲ್ಲಿ ಟೈಪ್ ಮಾಡಿ ತೋರಿಸಿದಳು: "ಪಪ್ಪಾ, ಮೊದಲು ನನ್ನ ಹೆಸರು ಹೇಳಿ. ಮತ್ತೆ ನಾನು ಟೈಪ್ ಮಾಡಿದ್ದನ್ನು ಓದಿ. ಅಷ್ಟೇ ಸಾಕು."

"ಅದಕ್ಕೆಂತ ಮಗಾ, ಅಷ್ಟೇ" ಎಂದೆ. ಆಗ ಅದು ನಿಜವೇ ಆಗಿತ್ತು.

ಮೇಲಿನ ರಸ್ತೆಯಲ್ಲಿ ಎಲ್ರೊಯ್‌ನ ವ್ಯಾನ್ ನಿಲ್ಲಿಸಿ ಒಳಗೆ ಹೋದೆವು. ದೊಡ್ಡ ಚಾವಡಿ. ಎದುರಿಗೆ ಗೋಡೆಯೇ ಇಲ್ಲ, ಗಾಜು ಮಾತ್ರ. ಅದರಾಚೆ ಹಲಸಿನ ಮರದ ನೆತ್ತಿ, ದೂರದಲ್ಲಿ ಸಮುದ್ರದ ಒಂದು ಗೆರೆ. ಗಾಜಿಗೆ ಮೂಗು ಒತ್ತಿ ನೋಡಿದೆ. ಅಷ್ಟರಲ್ಲಿ ಎಲ್ರೊಯ್ ಕ್ಯಾಮರಾ ಎತ್ತಿದ.

"ನಮಸ್ಕಾರ ಫ್ರೆಂಡ್ಸ್! ಅಂಕಲ್, ಎಂಥ ಮನೆ ಮಾರ್ರೆ ಇದು! ಇದರ ಐಡಿಯಾ ಯಾರದ್ದು?"

ಪ್ರಣೀತಾ ಎಂದು ಹೇಳಲು ಬಾಯಿ ತೆರೆದೆ. ಅಭ್ಯಾಸಬಲ ನೋಡಿ.

"ನಂದೇ ಮಾರಾಯ. ಒಂದು ರಾತ್ರಿ ಕನಸಿನಲ್ಲಿ ಇಡೀ ಮನೆ ಕಂಡಿತು. ಬಾಗಿಲಿನ ಚಿಲಕ ಸಮೇತ."

ಕ್ಯಾಮರಾದ ಹಿಂದೆ ಪ್ರಣೀತಾ ಬಾಯಿ ತೆರೆದಳು. ಸೈಕಲ್ ಟ್ಯೂಬಿನಿಂದ ಗಾಳಿ ಹೋದಂತೆ ಒಂದು ಸದ್ದು ಬಂತು. ಎಲ್ರೊಯ್‌ನ ಅಂಗಿ ಹಿಡಿದು ಎಳೆದಳು. ಅವನು ನನ್ನನ್ನು ಹತ್ತಿರದಿಂದ ತೋರಿಸಬೇಕಂತೆ ಎಂದುಕೊಂಡು ನನ್ನ ಮೂಗಿನವರೆಗೆ ಬಂದ. "ಸೂಪರ್ ಅಂಕಲ್ ಅಂತ ಕಮೆಂಟ್ ಬರ್ತಾ ಉಂಟು!" ಎಂದ. ಇನ್ನು ನನ್ನನ್ನು ಹಿಡಿಯುವವರು ಯಾರು? ಕೆಂಪು ಕಲ್ಲನ್ನು ಒಂದೊಂದಾಗಿ ನಾನೇ ಬೆರಳಿನಲ್ಲಿ ತಟ್ಟಿ ಆರಿಸಿದ್ದೆಂದೆ. ಗಾಜು ತಂದ ಲಾರಿಯನ್ನು ಗುಡ್ಡ ಹತ್ತಿಸಲು ನನ್ನ ಹಗ್ಗವೇ ಬೇಕಾಯಿತೆಂದೆ.

"ಈಗ ಮೇಲಿನ ಮಹಡಿಗೆ ಹೋಗುವ ಬನ್ನಿ" ಎಂದೆ. "ಮಲಗುವ ಕೋಣೆಗಳೆಲ್ಲ ಮೇಲೆ ಉಂಟು. ಗಾಳಿ ಬರಲಿ ಅಂತ ನಾನೇ ಮೇಲೆ ಇಡಿಸಿದ್ದು." ಮೂಲೆಯಲ್ಲಿ ಒಂದು ಬಾಗಿಲು ಕಂಡಿತು. ಮೆಟ್ಟಿಲು ಅಲ್ಲೇ ಇರಬೇಕೆಂದು ಗತ್ತಿನಿಂದ ತೆರೆದೆ. ಗುಡಿಸುವ ಎರಡು ಹಿಡಿಸೂಡಿ, ನೆಲ ಒರೆಸುವ ಬಕೆಟ್, ಒಂದು ಹಳೆಯ ಕುಕ್ಕರ್ ನನ್ನನ್ನೇ ನೋಡುತ್ತಿದ್ದವು.

"ಅಯ್ಯೋ ಚೆನ್ನಪ್ಪಣ್ಣ" ಎಂದು ಗುಲಾಬಿಯಕ್ಕ ಬೆವರು ಮರೆತು ಕ್ಯಾಮರಾದೊಳಗೇ ಬಂದರು. "ಮೇಲೆ ಎಂತ ಉಂಟು? ನೀರಿನ ಟ್ಯಾಂಕ್ ಮಾತ್ರ! ನಾವು ಮಲಗುವುದು ಕೆಳಗೆ. ರಸ್ತೆ ಮೇಲೆ ಇರುವುದಲ್ವಾ, ಬಂದವರು ಮೇಲಿನ ಮಹಡಿಗೇ ಬರುವುದು. ಇಡೀ ಮನೆ ಇಲ್ಲಿಂದ ಕೆಳಗೆ ಇಳಿಯುವುದು."

ಎಲ್ರೊಯ್‌ಗೆ ಪಾಪ, ಕುತಂತ್ರ ಗೊತ್ತಿಲ್ಲ. "ಅಂಕಲ್, ಕನಸಿನಲ್ಲಿ ಮೆಟ್ಟಿಲು ಕಂಡಿರಲಿಲ್ವಾ?"

ನನ್ನ ಹತ್ತಿರ ಏಳು ಉತ್ತರ ತಯಾರಿದ್ದವು. ಏಳೂ ಒಂದಕ್ಕಿಂತ ಒಂದು ಚಂದ. ಮಗಳು ಸಿಟ್ಟಿನಲ್ಲಿರಬಹುದೆಂದು ಅತ್ತ ನೋಡಿದೆ. ಅವಳು ಸಿಟ್ಟು ಮಾಡಿರಲಿಲ್ಲ. ಮೊಬೈಲನ್ನು ಬ್ಯಾಗಿಗೆ ಹಾಕಿ, ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು.

ಹಿಡಿಸೂಡಿಗಳ ಬಾಗಿಲನ್ನು ಮುಚ್ಚಿದೆ.

"ಎಲ್ರೊಯ್, ಕ್ಯಾಮರಾ ಆ ಕಡೆ ತಿರುಗಿಸು" ಎಂದೆ. "ಚಪ್ಪಲಿ ಹಾಕ್ತಾ ಇರುವ ಹುಡುಗಿ ಉಂಟಲ್ಲ, ಅವಳ ಹೆಸರು ಪ್ರಣೀತಾ. ಈ ಮನೆ ಯೋಚಿಸಿದ್ದು, ಬರೆದದ್ದು, ಕಟ್ಟಿಸಿದ್ದು ಎಲ್ಲ ಅವಳು. ನಾನು ಇದರೊಳಗೆ ಕಾಲಿಟ್ಟದ್ದು ಇವತ್ತೇ ಮೊದಲು. ಗೃಹಪ್ರವೇಶಕ್ಕೂ ಬರಲಿಲ್ಲ. ಬೆನ್ನುನೋವು ಕೂಡ ಸುಳ್ಳು."

ಅವಳು ಒಂದು ಕಾಲಿನ ಚಪ್ಪಲಿಯಲ್ಲೇ ನಿಂತಳು. ನಾನು ಹತ್ತಿರ ಹೋಗಿ, "ಟೈಪ್ ಮಾಡು ಮಗಾ, ಓದ್ತೇನೆ" ಎಂದೆ. ಅವಳು ಯೋಚಿಸಿದಳು. ಆಮೇಲೆ ಚಪ್ಪಲಿ ಬಿಟ್ಟು ಮೊಬೈಲ್ ತೆಗೆದಳು. ಮೊದಲ ಸಾಲನ್ನು ನಾನು ಲೈವಿಗೆ ಗಟ್ಟಿಯಾಗಿ ಓದಿದೆ: "ಪಪ್ಪಾ, ನಿಧಾನ ಓದಿ. ಎಂತದ್ದೂ ಸೇರಿಸಬೇಡಿ." ಎಲ್ರೊಯ್‌ನ ಕ್ಯಾಮರಾ ನಗುವಿಗೆ ಅಲುಗಾಡಿತು.

ಮೆಟ್ಟಿಲು ಇಳಿದೆವು. ಅವಳು ಕೈ ತೋರಿಸಿದಲ್ಲಿ ಕ್ಯಾಮರಾ, ಅವಳು ಬರೆದಲ್ಲಿ ನನ್ನ ಬಾಯಿ. ಹಲಸಿನ ಮರವನ್ನು ಕಡಿಯಬಾರದೆಂದು ಮನೆಯನ್ನೇ ಅದರ ಸುತ್ತ ಬಗ್ಗಿಸಿದ್ದಳು: ಚಾವಡಿಯಲ್ಲಿ ಎಲೆ, ನಡುವಿನ ಮಹಡಿಯಲ್ಲಿ ಕೈಗೆಟಕುವ ಕಾಯಿ, ಕೆಳಗೆ ಅಡಿಗೆಕೋಣೆಯ ಪಕ್ಕ ಬುಡ. ಆ ಬುಡದ ಹತ್ತಿರ ಗುಲಾಬಿಯಕ್ಕ ಮೀನು ಕತ್ತರಿಸುವ ಕಲ್ಲು. ಅದರಾಚೆ, ಕಂಬಗಳ ನಡುವೆ, ಮನೆಯ ಅಡಿಯಿಂದಲೇ ಹರಿದು ಹೋಗುವ ಒಂದು ತೋಡು.

ನಾನು ಓದಿದೆ: "ಗುಡ್ಡದ ನೀರು ಮೊದಲಿನಿಂದಲೂ ಇಲ್ಲೇ ಹೋಗುತ್ತಿತ್ತು. ತಡೆಯಲಿಲ್ಲ, ದಾರಿ ಬಿಟ್ಟೆ. ಈ ಮನೆ ಜಾರುತ್ತದೆ ಎಂದು ನನ್ನ ಅಪ್ಪ ಬಂದರ್ ಇಡೀ ಹೇಳಿಕೊಂಡು ಬಂದರು. ಆ ಹೆದರಿಕೆಗೆ ಕಂಬಗಳನ್ನು ಇನ್ನಷ್ಟು ಆಳಕ್ಕೆ ಇಳಿಸಿದೆ."

ಓದಿ ಮುಗಿಸಿ ತೋಡನ್ನೇ ನೋಡುತ್ತ ನಿಂತೆ. ಒಂದು ಮಾತೂ ಸೇರಿಸಲಿಲ್ಲ. ಎಷ್ಟು ಕಷ್ಟವಾಯಿತೆಂದು ನನಗೊಬ್ಬನಿಗೆ ಗೊತ್ತು.

ಮರುದಿನ ಮನ್ವಿತಾ ಫೋನ್ ಮಾಡಿದರು. ರೆಸಾರ್ಟಿನ ಕೆಲಸ ಪ್ರಣೀತಾಳಿಗೇ. ಒಂದೇ ಒಂದು ಷರತ್ತು: ಅವಳ ಅಪ್ಪ ಸೈಟಿನ ಹತ್ತಿರ ಬರಬಾರದು.

ಇಡೀ ಕರಾವಳಿಯಲ್ಲಿ ಹೀಗೆ ಷರತ್ತು ಹಾಕಿಸಿಕೊಂಡು ಹೊರಗುಳಿದ ಮನುಷ್ಯ ನಾನೊಬ್ಬನೇ. ನಂಬಿಕೆ ಇಲ್ಲದಿದ್ದರೆ ಬಂದರ್‌ನಲ್ಲಿ ಕೇಳಿ, ಎಲ್ಲರಿಗೂ ಹೇಳಿದ್ದೇನೆ. ಆ ರೆಸಾರ್ಟಿಗೆ ಹೋಗಲು ಕೆಳಗಿನಿಂದಲೂ ಒಂದು ರಸ್ತೆ ಉಂಟಂತೆ. ಸ್ಕೂಟರಿಗೆ ನಿನ್ನೆಯೇ ಪೆಟ್ರೋಲ್ ಹಾಕಿಸಿದೆ.