ಮೂವತ್ತೊಂದು ಮೀಟರಿನ ಸದ್ದು

ಸಂಜೆ ಆರಕ್ಕೆ ಸರಿಯಾಗಿ ರೇಡಿಯೊ ಮತ್ತೆ ಕರಕರ ಎನ್ನತೊಡಗಿತು. ಶಾಹೀನ ಹೊಲಿಗೆ ಯಂತ್ರದ ಮೆಟ್ಟಿನಿಂದ ಕಾಲು ತೆಗೆದಳು. ಶಾರ್ಟ್‌ವೇವ್‌ನ ಮೂವತ್ತೊಂದು ಮೀಟರಿನ ಪಟ್ಟಿಯಲ್ಲಿ ಆಗಷ್ಟೇ ಸಿಕ್ಕಿದ್ದ ದೂರದೇಶವೊಂದರ ಹಿಂದಿ ವಾರ್ತೆ, ಒಣ ಪುಳ್ಳೆ ಮುರಿದಂಥ ಸದ್ದಿನ ಕೆಳಗೆ ಮುಳುಗಿಹೋಯಿತು. ಇದು ಒಂಬತ್ತನೆಯ ಸಂಜೆ.

"ಆಪಾ, ಎಷ್ಟು ಸಲ ಹೇಳ್ಲಿ?" ತಮ್ಮ ಫಯಾಜ ಬಾಗಿಲಲ್ಲೇ ನಿಂತು ಅಂದ. ನಿಂಬರ್ಗಾದ ಮನೆಮನೆಗೆ ಇಂಟರ್‌ನೆಟ್ ತಂತಿ ಎಳೆದು ಕೊಡುವುದು ಅವನ ಕೆಲಸ. "ಆ ಸ್ಟೇಷನ್ ಫೋನ್‌ನ್ಯಾಗೂ ಬರ್ತದ. ಖರ್ ಖರ್ ಇಲ್ಲ, ಏನಿಲ್ಲ. ಈ ಡಬ್ಬಾ ಬಿಟ್ಟಬಿಡು."

"ಫೋನ್‌ನ್ಯಾಗ ಯಾರೋ ತಂದು ಕೈಯಾಗ ಇಡ್ತಾರ. ಇದನ್ನ ನಾ ಹುಡುಕ್ತೇನಿ. ನಿನಗ ತಿಳಿಯಂಗಿಲ್ಲ ಬಿಡು."

ಲಾರಿ ಓಡಿಸುತ್ತಿದ್ದ ತಂದೆ ಕರೀಮಸಾಬ ಅವಳ ಹತ್ತನೆಯ ವರ್ಷದಲ್ಲಿ ರೇಡಿಯೊದ ಮುಳ್ಳು ತಿರುಗಿಸುವುದನ್ನು ಕಲಿಸಿದ್ದರು. ಈಗ ಅವಳಿಗೆ ನಲವತ್ತಾರು. ಈ ಮೂವತ್ತಾರು ವರ್ಷಗಳಲ್ಲಿ ಎಷ್ಟೋ ದೇಶಗಳು ಶಾರ್ಟ್‌ವೇವ್ ನಿಲ್ಲಿಸಿದ್ದವು. ಅವಳು ನಿಲ್ಲಿಸಿರಲಿಲ್ಲ. ಗದ್ದಲವೂ ಅವಳಿಗೆ ಗುರುತಿನದೇ. ಹಿಟ್ಟಿನ ಗಿರಣಿ ಶುರುವಾದರೆ ಒಂದು ಬಗೆ, ಪಕ್ಕದ ಮನೆಯ ಎಲ್‌ಇಡಿ ಬಲ್ಬಿಗೆ ಇನ್ನೊಂದು ಬಗೆ. ಇದು ಎರಡೂ ಅಲ್ಲ. ಎಲ್ಲೋ ಕರೆಂಟು ಕಿಡಿ ಹಾರಿಸುತ್ತಿತ್ತು. ಅದೂ ದಿನಾ ಹೊತ್ತು ಮುಳುಗಿದಾಗ ಶುರುವಾಗಿ, ಬೆಳಕು ಹರಿದ ಮೇಲೆ ನಿಲ್ಲುವ ಕಿಡಿ.

ಶಾಹೀನ ಎದ್ದು ದುಪಟ್ಟಾ ಸರಿಮಾಡಿಕೊಂಡಳು. ಮಾಳಿಗೆಯ ಏರಿಯಲ್ ತಂತಿಯಿಂದ ರೇಡಿಯೊ ಬಿಡಿಸಿ ಎತ್ತಿಕೊಂಡು, ಅದರ ಕಡ್ಡಿಯನ್ನು ಉದ್ದಕ್ಕೆ ಎಳೆದು ಹೊರಗೆ ನಡೆದಳು.

"ಎಲ್ಲಿಗೆ?" ಫಯಾಜ ಕೂಗಿದ.

"ಇವತ್ತ ನೋಡೇ ಬಿಡ್ತೇನಿ."

ಗಿರಣಿಯ ಕಡೆ ಹೋದರೆ ಸದ್ದು ತಗ್ಗಿತು. ಶಾಲೆಯ ಕಡೆ ಹೋದರೆ ಇನ್ನೂ ತಗ್ಗಿತು. ಊರಾಚೆಯ ತೊಗರಿ ಹೊಲಗಳ ದಾರಿ ಹಿಡಿದಾಗ ಏರಿತು. ಕಟ್ಟೆಯ ಮೇಲೆ ಕೂತವರು ನಕ್ಕರು. ಒಬ್ಬ, "ರೇಡಿಯೊಕ್ಕ ಗಾಳಿ ಕುಡ್ಸಾಕ ಹೊಂಟೀರೇನ್ರಿ?" ಎಂದ. ಅವಳು ತಿರುಗಿ ನೋಡಲಿಲ್ಲ. ಮಹಾದೇವಪ್ಪ ಸಾವ್ಕಾರರ ಹೊಲದ ಮೂಲೆಗೆ ಬರುವಷ್ಟರಲ್ಲಿ ಕೈಯಲ್ಲಿದ್ದ ರೇಡಿಯೊ ಚೀರುತ್ತಿತ್ತು.

ಕಾಲುದಾರಿಗೆ ಹತ್ತಿಕೊಂಡೇ ಮೊಳಕಾಲೆತ್ತರದಲ್ಲಿ ಹೊಸ ತಂತಿಯೊಂದು ಓಡಿತ್ತು. ತೊಗರಿಯ ಹಸಿ ಟೊಂಗೆಯೊಂದು ಬಾಗಿ ಅದಕ್ಕೆ ತಾಗಿದ ಕಡೆ ಸಣ್ಣ ನೀಲಿ ಚುಕ್ಕೆ ಮಿಣಕ್ ಎಂದು ಆರಿತು. ಹೋದ ವಾರ ಗುರುಬಾಯಿಯ ಆಡು ಇದೇ ದಾರಿಯಲ್ಲಿ ಸತ್ತು ಬಿದ್ದಿತ್ತು. ಹಾವು ಕಚ್ಚಿದೆ ಎಂದು ಎಲ್ಲರೂ ನಂಬಿದ್ದರು.

ಅಷ್ಟರಲ್ಲಿ ಆಚೆಯಿಂದ ಮಾತು ಕೇಳಿಸಿತು. ಕೂಲಿ ಮುಗಿಸಿದ ಆರೇಳು ಹೆಂಗಸರು, ತಲೆಯ ಮೇಲೆ ಕಟ್ಟಿಗೆಯ ಹೊರೆ, ಸಾಲಾಗಿ ಬರುತ್ತಿದ್ದರು. ಮುಂದೆ ಗುರುಬಾಯಿ.

"ನಿಲ್ರೀ! ಅಲ್ಲೇ ನಿಲ್ರಿ, ಗುರುಬಾಯಕ್ಕಾ! ಬೇಲಿಗೆ ಕರೆಂಟ್ ಬಿಟ್ಟಾರ!"

ಹೆಂಗಸರು ನಿಂತರು. ಕೂಗು ಕೇಳಿ, ಹೊಲದ ಮೋಟರ್ ಶೆಡ್ಡಿನಿಂದ ಮಹಾದೇವಪ್ಪ ಬ್ಯಾಟರಿ ಹಿಡಿದು ಬಂದರು.

"ಏನ್ ನಡ್ಸೀದಿ ಬೇ ಇಲ್ಲಿ?"

"ಬೇಲಿಗೆ ಕರೆಂಟ್ ಯಾಕ ಬಿಟ್ಟೀರಿ ಸಾವ್ಕಾರ್ರ? ದಿನಾ ಈ ದಾರ್ಯಾಗ ಹೆಣ್ಣಮಕ್ಕಳು ತಿರುಗಾಡ್ತಾರ."

"ಯಾರ್ ಹೇಳ್ಯಾರ ನಿನಗ? ಅದು ಬರೇ ತಂತಿ. ಹಂದಿ ಅಂಜ್ಲಿ ಅಂತ ಕಟ್ಟೇನಿ."

"ರೇಡಿಯೊ ಹೇಳಾಕತ್ತದ."

ಮಹಾದೇವಪ್ಪ ನಕ್ಕರು. "ಈ ಡಬ್ಬಿ ಮಾತ ಕೇಳಿ ನಾ ಬೇಲಿ ಕೀಳಬೇಕೇನು? ನನ್ನ ಹೊಲ, ನನ್ನ ತಂತಿ. ಸುಮ್ನ ಮನಿಗೆ ಹೋಗಿ ಹೊಲಿಗಿ ಹಾಕ್ಕೋತ ಕುಂದ್ರು. ನಮ್ಮ ಮನಿ ಜಂಪರ್ ಹೊಲ್ದೇ ಬದಕಾಕತ್ತೀದಿ, ಮರೀಬ್ಯಾಡ."

ಶಾಹೀನ ರೇಡಿಯೊ ಹಿಡಿದುಕೊಂಡೇ ಒಂದು ಹೆಜ್ಜೆ ಮುಂದೆ ಬಂದಳು.

"ಬರೇ ತಂತಿ ಅಂದ್ರಲ್ಲ? ಹಂಗಾದ್ರ ಮುಟ್ರಿ."

"ಏನಂದಿ?"

"ಮುಟ್ರಿ, ಸಾವ್ಕಾರ್ರ. ಎಲ್ಲಾರೂ ನೋಡ್ಲಿ. ನೀವು ಮುಟ್ಟಿದ್ರ ನಾ ಈ ರೇಡಿಯೊ ಇಲ್ಲೇ ಕಲ್ಲಿಗಿ ಬಡದು ಹೋಗ್ತೇನಿ."

ರೇಡಿಯೊ ಒಂದೇ ಸಮನೆ ಕರಕರ ಎನ್ನುತ್ತಿತ್ತು. ಮಹಾದೇವಪ್ಪನವರ ಕಣ್ಣು ಒಮ್ಮೆ ತಂತಿಯ ಮೇಲೆ, ಒಮ್ಮೆ ಹೆಂಗಸರ ಮೇಲೆ ಓಡಿತು. ಗುರುಬಾಯಿ ಹೊರೆಯನ್ನು ಕೆಳಗೆ ಒಗೆದು, ಸೆರಗು ಸೊಂಟಕ್ಕೆ ಸಿಗಿಸಿಕೊಂಡು, "ನನ್ನ ಆಡಿಗಿ ಯಾವ ಹಾವು ಕಡದಿತ್ರಿ, ಯಪ್ಪಾ?" ಎಂದು ಮೆಲ್ಲಗೆ ಕೇಳಿದಳು.

ಮಹಾದೇವಪ್ಪ ತಿರುಗಿ ಶೆಡ್ಡಿನ ಕಡೆ ನಡೆದರು. ಒಳಗೆ ಖಟ್ ಎಂದಿತು. ಕರಕರ ಕತ್ತರಿಸಿದಂತೆ ನಿಂತಿತು. ಅದರ ಜಾಗದಲ್ಲಿ, ಸಾವಿರಾರು ಹರದಾರಿ ಆಚೆಯಿಂದ, ಯಾರೋ ತಂತಿವಾದ್ಯವೊಂದನ್ನು ನುಡಿಸುತ್ತಿರುವುದು ತೊಗರಿಯ ನಡುವೆ ಸ್ಪಷ್ಟವಾಗಿ ಕೇಳತೊಡಗಿತು.

ಮರುದಿನ ಮುಂಜಾನೆ ಅವಳು ಮಾತು ಅಲ್ಲಿಗೇ ಬಿಡಲಿಲ್ಲ. ಲೈನ್‌ಮನ್ ಶಿವರಾಯನನ್ನು ಕರೆದುಕೊಂಡು ಹೋಗಿ ತಂತಿ ತೋರಿಸಿದಳು. ಅವನು ಬೇಲಿಯನ್ನೆಲ್ಲ ಸುತ್ತಿ ಗಾಡಿಗೆ ಹಾಕಿಕೊಂಡು ಹೋದ. ಮಧ್ಯಾಹ್ನದೊಳಗೆ ಸಾವ್ಕಾರರ ಮನೆಯ ಆಳು ಬಂದು ಹೊಲಿಯಲು ಕೊಟ್ಟಿದ್ದ ಬಟ್ಟೆಗಳನ್ನೆಲ್ಲ ವಾಪಸು ಒಯ್ದ. ಅವರ ಬೀಗರ ಮನೆಯವರೂ ಒಯ್ದರು. ಊಟಕ್ಕೆ ಕೂತಾಗ ಮಾಳಿಗೆಯ ಮೇಲೆ ಸದ್ದಾಯಿತು. ಹೊರಗೆ ಬಂದು ನೋಡಿದರೆ, ಅವಳ ಏರಿಯಲ್ ತಂತಿ ಎರಡು ತುಂಡಾಗಿ ಓಣಿಯಲ್ಲಿ ಬಿದ್ದಿತ್ತು.

"ನಮಗ್ಯಾಕ ಬೇಕಾಗಿತ್ತು, ಆಪಾ?" ಫಯಾಜನ ಮುಖ ಬಿಳಿಚಿತ್ತು. "ಊರಾಗ ಬದಕಬೇಕು ನಾವು."

"ಬದಕಬೇಕು ಅಂತನಽ ಅಲ್ಲೇನು ಹೇಳಿದ್ದು?" ಎಂದು ಶಾಹೀನ ನಿಚ್ಚಣಿಕೆ ಎಳೆದು ಗೋಡೆಗೆ ಆನಿಸಿದಳು. ತುಂಡಾದ ತಂತಿಗಳ ತುದಿ ಹಲ್ಲಿನಿಂದ ಸುಲಿದು, ಒಂದಕ್ಕೊಂದು ಹೊಸೆದು, ಹಗಲುಹೊತ್ತಿನಲ್ಲೇ, ಓಣಿಯೆಲ್ಲ ನೋಡುತ್ತಿರುವಾಗಲೇ ಮಾಳಿಗೆ ಏರಿದಳು. ಫಯಾಜ ಓಣಿಯವರ ಕಡೆ ಒಮ್ಮೆ ನೋಡಿದ. ಆಮೇಲೆ ಬಂದು ಎರಡೂ ಕೈಯಿಂದ ನಿಚ್ಚಣಿಕೆ ಹಿಡಿದುಕೊಂಡ.

ಸಂಜೆ ಅವಳು ಯಂತ್ರಕ್ಕೆ ಮುಸುಕು ಹಾಕಿದಳು. ಹೊಲಿಯಲು ಏನೂ ಇರಲಿಲ್ಲ. ರೇಡಿಯೊವನ್ನು ಕಿಟಕಿಯ ಕಟ್ಟೆಯ ಮೇಲೆ, ಓಣಿಗೆ ಮುಖಮಾಡಿ ಇಟ್ಟು, ದನಿ ಏರಿಸಿದಳು. ಹಿಂದಿ ವಾರ್ತೆಯ ಹೆಣ್ಣುದನಿ ತುಸು ತೇಲಿತು, ತುಸು ಮುಳುಗಿತು, ಆಮೇಲೆ ನಿಂತುಕೊಂಡಿತು.

ಹೊಲದಿಂದ ಬರುತ್ತಿದ್ದ ಹೆಂಗಸರು ಕಿಟಕಿಯ ಮುಂದೆ ತಡೆದರು. ಗುರುಬಾಯಿ ಹೊರೆಯನ್ನು ಗೋಡೆಗೆ ಆನಿಸಿ ಕಿವಿಗೊಟ್ಟಳು.

"ಏನಂತಾಳ ಬೇ ಆಕಿ?"

"ಅವರೂರಾಗ ಹಿಮ ಬಿದ್ದು ದಾರಿ ಬಂದ್ ಆಗ್ಯಾವಂತ."

"ಅಯ್ಯ, ಪಾಪ," ಎಂದಳು ಗುರುಬಾಯಿ. ತಲೆಯಲ್ಲಿ ಸಿಕ್ಕಿದ್ದ ತೊಗರಿ ಎಲೆಗಳನ್ನು ಒಂದೊಂದಾಗಿ ತೆಗೆಯುತ್ತ, ಉಳಿದವರೂ ವಾರ್ತೆ ಮುಗಿಯುವ ತನಕ ಅಲ್ಲೇ ನಿಂತರು.